ಕೊಲೆಗಾರ ಯಾರು ಅಂತ ಮೊದಲೇ ಹೇಳಿಬಿಡಿ

(ಧಾರವಾಡದಲ್ಲಿ ಓದುಗರ ಕೂಟವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೊಲೆ ಮಾಡಿದ್ದು ಯಾರು ಅಂತ ಮೊದಲಲ್ಲೇ ಹೇಳಿಬಿಟ್ಟರೆ ಪತ್ತೇದಾರಿ ಕಾದಂಬರಿಯಲ್ಲಿ ಓದಲು ಇನ್ನೇನು ಉಳಿಯುತ್ತದೆ? ಈ ಪ್ರಶ್ನೆ ಇಟ್ಟುಕೊಂಡೇ ಬಂದಿದ್ದೇನೆ. ಇತ್ತೀಚೆಗೆ ನನ್ನ ನಿದ್ದೆ ಕೆಡಿಸಿದ ಪುಸ್ತಕ ಅಂಥದ್ದೇ. ಜಪಾನಿನ ಕೀಗೊ ಹಿಗಾಶಿನೊ ಬರೆದದ್ದು. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಜಪಾನಿನಲ್ಲಿ 2005ರಲ್ಲಿ ಬಂತು. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ಅವಳ ಮಗಳು. ಬಿಟ್ಟ ಗಂಡ ಮನೆಗೆ ಬಂದು ಕಾಡುತ್ತಾನೆ. ಜಗಳ ಕೈಮೀರಿ ತಾಯಿ ಮಗಳು ಸೇರಿ ಅವನನ್ನು ಕೊಂದುಬಿಡುತ್ತಾರೆ. ಪಕ್ಕದ ಮನೆಯಲ್ಲಿ ಒಬ್ಬ ಗಣಿತದ ಮೇಷ್ಟ್ರು. ಅವನಿಗೆ ಎಲ್ಲ ಗೊತ್ತಾಗುತ್ತದೆ. ಮುಂದಿನದು ನನಗೆ ಬಿಡಿ ಅನ್ನುತ್ತಾನೆ. ಇಷ್ಟೂ ಶುರುವಿನಲ್ಲೇ ಮುಗಿದುಹೋಗುತ್ತದೆ.

ಯಾರು, ಯಾಕೆ, ಎಲ್ಲ ನಮಗೆ ಗೊತ್ತು. ಪೊಲೀಸರಿಗಿಂತ ನಾವೇ ಮುಂದಿದ್ದೇವೆ ಅನ್ನುವ ಖುಷಿಯಲ್ಲಿ ಓದುತ್ತಾ ಹೋಗುತ್ತೇವೆ. ಕೊನೆಗೆ ನೋಡಿದರೆ... ಬೇಡ, ಹೇಳುವುದಿಲ್ಲ. ಓದದೆ ಇರುವವರೇ ಇಲ್ಲಿ ಜಾಸ್ತಿ ಇದ್ದೀರಿ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಒಂದೇ ಒಂದು ಜಾಗ ತೋರಿಸುತ್ತೇನೆ. ಈ ಮೇಷ್ಟ್ರು ತಾನು ಪರೀಕ್ಷೆಗೆ ಪ್ರಶ್ನೆ ಹೇಗೆ ತೆಗೆಯುತ್ತೇನೆ ಅಂತ ಹೇಳಿಕೊಳ್ಳುತ್ತಾನೆ. ನೋಡಿದರೆ ಜ್ಯಾಮಿತಿಯ ಪ್ರಶ್ನೆ ಅನ್ನಿಸಬೇಕು, ನಿಜವಾಗಿ ಅದು ಬೀಜಗಣಿತದ್ದಾಗಿರಬೇಕು. ಬಾಯಿಪಾಠ ಮಾಡಿಕೊಂಡು ಬಂದ ಹುಡುಗರು ಚಿತ್ರ ನೋಡಿದ ತಕ್ಷಣ ಸ್ಕೇಲು ಕೈಗೆತ್ತಿಕೊಳ್ಳುತ್ತಾರೆ, ಅಲ್ಲೇ ಎಡವುತ್ತಾರೆ. ಓದುವಾಗ ನಾವು ಇದನ್ನು ಮೇಷ್ಟ್ರ ಸ್ವಭಾವ ತಿಳಿಸುವ ಮಾತು ಅಂದುಕೊಂಡು ದಾಟಿಬಿಡುತ್ತೇವೆ. ಆದರೆ ಇಡೀ ಕಾದಂಬರಿಯ ಬೀಗದ ಕೈ ಅದೇ. ಲೇಖಕ ಅದನ್ನು ನಮ್ಮ ಕೈಗೇ ಕೊಟ್ಟಿದ್ದಾನೆ, ಹಾಡುಹಗಲಲ್ಲಿ.

ನಾನು ಪತ್ತೇದಾರಿ ಕಥೆಯಿಂದ ಕೇಳುವುದು ಇಷ್ಟೇ. ಮುಚ್ಚಿಡಬೇಡ. ಎಲ್ಲವನ್ನೂ ನನ್ನ ಎದುರಿಗೇ ಇಡು, ಆದರೂ ನನಗೆ ಕಾಣದ ಹಾಗೆ ಇಡು. ಹಗಲು ಹೊತ್ತು ಹುಬ್ಬಳ್ಳಿಯಲ್ಲಿ ಬೇರೆಯವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಅಲ್ಲಿ ವೋಚರ್ ಇಲ್ಲದ ಖರ್ಚು ತೋರಿಸಿದರೆ ಒಪ್ಪುವುದಿಲ್ಲ. ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಕೂತು ಓದುವ ಕಾದಂಬರಿಯಲ್ಲೂ ಒಪ್ಪುವುದಿಲ್ಲ.

ಈ ಬೇಡಿಕೆ ಹಳೆಯದು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆ ಬರೆಯುವವರಿಗೆ ಹತ್ತು ಕಟ್ಟಳೆ ಮಾಡಿದ. ದೆವ್ವ ದೇವರುಗಳಿಂದ ಸಮಸ್ಯೆ ಬಿಡಿಸಬಾರದು. ಗುಪ್ತ ಕೋಣೆಯೋ ಸುರಂಗವೋ ಒಂದಕ್ಕಿಂತ ಜಾಸ್ತಿ ಇರಬಾರದು. ಯಾರೂ ಕಂಡುಹಿಡಿಯದ ವಿಷ ಬಳಸಬಾರದು. ಅವಳಿ ಜವಳಿಗಳನ್ನು ದಿಢೀರ್ ಅಂತ ತಂದು ನಿಲ್ಲಿಸಬಾರದು. ತಮಾಷೆ ಏನೆಂದರೆ ಈ ನಾಕ್ಸ್ ಕ್ಯಾಥೊಲಿಕ್ ಪಾದ್ರಿ. ಚರ್ಚಿನಲ್ಲಿ ಪವಾಡ ಬೋಧಿಸುವವನು ಕಾದಂಬರಿಯಲ್ಲಿ ಮಾತ್ರ ಪವಾಡಕ್ಕೆ ಜಾಗ ಇಲ್ಲ ಅಂದ. ಅದಕ್ಕೂ ಮೂರು ವರ್ಷ ಮೊದಲು, 1926ರಲ್ಲಿ, ಅಗಾಥಾ ಕ್ರಿಸ್ಟಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬರೆದಾಗ ಇದು ಮೋಸ ಅಂತ ಕೂಗಾಡಿದವರು ಬಹಳ ಜನ. ಓದಿದವರು ಅಲ್ಲಿ ಹಿಂದೆ ಕೂತು ನಗುತ್ತಿದ್ದೀರಿ. ನನ್ನ ಮಟ್ಟಿಗೆ ಅದು ಮೋಸ ಅಲ್ಲ. ಮುಗಿಸಿದ ಮೇಲೆ ಹಿಂದಕ್ಕೆ ಹೋಗಿ ನೋಡಿ, ಪ್ರತಿ ವಾಕ್ಯವೂ ನಿಜವೇ ಹೇಳಿರುತ್ತದೆ.

ಮೋಸ ಅಂದರೆ ಈಗ ಬರುತ್ತಿರುವ ಕೆಲವು ಥ್ರಿಲ್ಲರುಗಳು. ಮುಖಪುಟದ ಮೇಲೆಯೇ ಬರೆದಿರುತ್ತದೆ, ಕೊನೆಯ ತಿರುವು ನೀವು ಊಹಿಸಲಾರಿರಿ ಅಂತ. ಹೇಗೆ ಊಹಿಸುವುದು? ಕಥೆ ಹೇಳುವವಳಿಗೆ ನೆನಪಿನ ಶಕ್ತಿ ಹೋಗಿರುತ್ತದೆ. ಲೇಖಕನಿಗೆ ಬೇಕಾದಾಗ ಮರೆಯುತ್ತಾಳೆ, ಇನ್ನೂರೈವತ್ತನೇ ಪುಟಕ್ಕೆ ಸರಿಯಾಗಿ ನೆನಪು ಬರುತ್ತದೆ. ಇಂಥ ಪುಸ್ತಕಗಳ ಹೆಸರು ಹೇಳಿ ಯಾಕೆ ನಿಷ್ಠುರ ಆಗಲಿ. ಒಂದು ಓದಿದರೆ ಹತ್ತು ಓದಿದ ಹಾಗೆ.

ಅದರ ಬದಲು ಸೈಚೊ ಮಾತ್ಸುಮೊಟೊ ಓದಿ. 1958ರ ಪುಸ್ತಕ, 'ಪಾಯಿಂಟ್ಸ್ ಆ್ಯಂಡ್ ಲೈನ್ಸ್'. ಈಗ 'ಟೋಕಿಯೊ ಎಕ್ಸ್‌ಪ್ರೆಸ್' ಅನ್ನುವ ಹೆಸರಿನಲ್ಲೂ ಸಿಗುತ್ತದೆ. ಸಮುದ್ರದ ದಂಡೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಸತ್ತು ಬಿದ್ದಿದ್ದಾರೆ. ಸಯನೈಡ್. ಪ್ರೇಮಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ಪೊಲೀಸರು ಫೈಲು ಮುಚ್ಚಲು ಹೊರಟಿದ್ದಾರೆ. ಆದರೆ ಸತ್ತವನ ಜೇಬಿನಲ್ಲಿ ರೈಲಿನ ಊಟದ ಬೋಗಿಯ ಒಂದು ರಸೀದಿ ಇದೆ. ಅದರ ಮೇಲೆ ಒಬ್ಬರು ಅಂತ ಬರೆದಿದೆ. ಒಬ್ಬರ ಊಟ.

ವಯಸ್ಸಾದ ಒಬ್ಬ ಪೊಲೀಸ್, ತೊರಿಗಾಯಿ ಅಂತ ಹೆಸರು, ಈ ಚೀಟಿ ಹಿಡಿದು ಕೂರುತ್ತಾನೆ. ಜೊತೆಗೆ ಸಾಯಲು ಹೊರಟ ಇಬ್ಬರು. ರೈಲಿನಲ್ಲಿ ಒಬ್ಬ ಎದ್ದು ಊಟಕ್ಕೆ ಹೋದರೆ ಇನ್ನೊಬ್ಬಳು ಸೀಟಿನಲ್ಲೇ ಕೂತಿರುತ್ತಾಳಾ? ಹಸಿವಿಲ್ಲದಿದ್ದರೂ ಎದುರಿಗೆ ಹೋಗಿ ಕೂರುವುದಿಲ್ಲವಾ? ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು ತೆಗೆಯುತ್ತಾನೆ. ಬೆರಳಚ್ಚು ಇಲ್ಲ, ಭೂತಗನ್ನಡಿ ಇಲ್ಲ. ಹಸಿವು ಮತ್ತು ಪ್ರೀತಿ, ಇಷ್ಟರ ಮೇಲೆ ಅನುಮಾನ ಹುಟ್ಟುತ್ತದೆ. ಆ ಅಧ್ಯಾಯ ಮುಗಿಸಿದ ಮೇಲೆ ಖಾನಾವಳಿಯಲ್ಲಿ ಒಬ್ಬರೇ ಉಣ್ಣುವವರನ್ನು ನಾನು ಬೇರೆ ಥರ ನೋಡಲು ಶುರು ಮಾಡಿದ್ದೇನೆ.

ಇದೇ ಪುಸ್ತಕದಲ್ಲಿ ಟೋಕಿಯೊ ನಿಲ್ದಾಣದ ಒಂದು ಪ್ರಸಂಗ ಇದೆ. ಹದಿಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಹದಿನೈದನೆಯದು ಕಾಣುವುದು ದಿನದಲ್ಲಿ ನಾಲ್ಕೇ ನಿಮಿಷ. ಉಳಿದ ಹೊತ್ತೆಲ್ಲ ನಡುವೆ ಯಾವುದಾದರೂ ಗಾಡಿ ನಿಂತಿರುತ್ತದೆ. ಆ ನಾಲ್ಕು ನಿಮಿಷದಲ್ಲೇ ಮೂವರು ಸಾಕ್ಷಿಗಳು ಆ ಇಬ್ಬರನ್ನು ನೋಡುತ್ತಾರೆ. ಕಾಕತಾಳೀಯವಾ, ಯಾರಾದರೂ ತೋರಿಸಿದ್ದಾ? ನಮ್ಮ ಹುಬ್ಬಳ್ಳಿಯಲ್ಲಿ ಈ ಕಥೆ ನಡೆಯುವುದಿಲ್ಲ ನೋಡಿ. 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು. ಈ ತುದಿಯಲ್ಲಿ ನಿಂತ ಸಾಕ್ಷಿಗೆ ಆ ತುದಿಯಲ್ಲಿ ನಿಂತ ಸ್ವಂತ ತಮ್ಮನ ಗುರುತೂ ಹತ್ತುವುದಿಲ್ಲ.

ಜಪಾನಿನದೇ ಹೇಳುತ್ತಿದ್ದೀರಿ, ಕನ್ನಡದ್ದು ಹೇಳಿ ಅಂತ ಯಾರೋ ಚೀಟಿ ಕಳಿಸಿದ್ದಾರೆ. ಹೇಳುತ್ತೇನೆ. ಸ್ವಲ್ಪ ಹಿಂದಕ್ಕೆ ಹೋಗಬೇಕು, ಸುಮಾರು ಒಂದು ಸಾವಿರ ವರ್ಷ.

'ವಡ್ಡಾರಾಧನೆ' ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಎಂ.ಎ. ಪಠ್ಯಪುಸ್ತಕದ ನೆನಪು. ಜೈನ ಮುನಿಗಳ ಹತ್ತೊಂಬತ್ತು ಕಥೆ, ಹಳಗನ್ನಡ ಗದ್ಯ, ಪರೀಕ್ಷೆ ಮುಗಿದ ಮೇಲೆ ಮುಟ್ಟಿದವರಿಲ್ಲ. ಅದರಲ್ಲಿ ವಿದ್ಯುಚ್ಚೋರನ ಕಥೆ ಇದೆ. ಇತ್ತೀಚೆಗೆ ಹೊಸಗನ್ನಡದಲ್ಲಿ ಓದಿದೆ. ಪಕ್ಕಾ ಪತ್ತೇದಾರಿ ಕಥೆ.

ಮಿಥಿಲೆ ಅನ್ನುವ ಪಟ್ಟಣ. ಊರ ಕಾವಲಿನ ಮುಖ್ಯಸ್ಥ ಯಮದಂಡ. ಕಳ್ಳ ವಿದ್ಯುಚ್ಚೋರ. ಕಣ್ಣಿಗೆ ಕಾಣದ ಹಾಗೆ ಓಡಾಡುವ ಅಂಜನ ಅವನ ಹತ್ತಿರ ಇದೆ. ರಾತ್ರಿ ಕದಿಯುತ್ತಾನೆ. ಹಗಲು ಪಾಳುಬಿದ್ದ ಗುಡಿಯಲ್ಲಿ ಕುಷ್ಠರೋಗಿಯ ವೇಷದಲ್ಲಿ ಬಿದ್ದಿರುತ್ತಾನೆ. ಇದನ್ನು ಕಥೆ ನಮ್ಮಿಂದ ಮುಚ್ಚಿಡುವುದಿಲ್ಲ, ಮೊದಲೇ ಹೇಳುತ್ತದೆ. ಅರಮನೆಯ ಹಾರ ಕಳುವಾಗುತ್ತದೆ. ಅರಸ ಯಮದಂಡನಿಗೆ ಏಳು ದಿನದ ಗಡುವು ಕೊಡುತ್ತಾನೆ, ಕಳ್ಳ ಸಿಗದಿದ್ದರೆ ಕಳ್ಳನ ಶಿಕ್ಷೆ ನಿನಗೆ. ಊರೆಲ್ಲ ಹುಡುಕಿದರೂ ಯಾರೂ ಸಿಗುವುದಿಲ್ಲ. ಕಡೆಯ ದಿನ ಯಮದಂಡ ಆ ಕುಷ್ಠರೋಗಿಯನ್ನು ಎಳೆದು ತಂದು, ಇವನೇ ಕಳ್ಳ ಅನ್ನುತ್ತಾನೆ. ಸಭೆಗೆ ಸಭೆಯೇ ಅಯ್ಯೋ ಪಾಪ ಅನ್ನುತ್ತದೆ. ಗಡುವು ಮುಗಿಯಿತು ಅಂತ ಸಿಕ್ಕ ಬಡಪಾಯಿಯನ್ನು ಹಿಡಿದು ತಂದಿದ್ದಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಅವನಿಗೆ ಕೊಡಬಾರದ ಹಿಂಸೆ ಕೊಡುತ್ತಾರೆ. ಬಾಯಿ ಬಿಡುವುದಿಲ್ಲ.

ಕೊನೆಗೆ ಅರಸ ಅಭಯ ಕೊಟ್ಟ ಮೇಲೆ ಅವನೇ ಒಪ್ಪಿಕೊಳ್ಳುತ್ತಾನೆ, ಹೌದು ನಾನೇ ಕಳ್ಳ ಅಂತ. ಯಾಕೆ ಕದ್ದೆ ಅಂದರೆ ಅಲ್ಲಿ ಬರುತ್ತದೆ ನಿಜವಾದ ಗುಟ್ಟು. ಇವನೂ ಯಮದಂಡನೂ ಬಾಲ್ಯದ ಗೆಳೆಯರು, ಒಟ್ಟಿಗೆ ಓದಿದವರು. ಇವನು ಅರಸು ಮಗ. ಅವನು ಕಾವಲಿನ ವಿದ್ಯೆ ಕಲಿತ, ಇವನು ಕಳ್ಳತನದ ವಿದ್ಯೆ ಕಲಿತ. ನೀನು ಎಲ್ಲಿ ಕಾವಲು ಕಾಯುತ್ತೀಯೋ ಅಲ್ಲೇ ಬಂದು ಕದಿಯುತ್ತೇನೆ ಅಂತ ಹುಡುಗಾಟದಲ್ಲಿ ಪಂಥ ಕಟ್ಟಿದ್ದ. ಆ ಪಂಥ ತೀರಿಸಲು, ಗೆಳೆಯನನ್ನು ಹುಡುಕಿಕೊಂಡು ಈ ಊರಿಗೆ ಬಂದಿದ್ದಾನೆ.

ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟೆ. ಹಿಗಾಶಿನೊ ಕಾದಂಬರಿಯಲ್ಲೂ ಹೀಗೇ ಅಲ್ವಾ? ಅಲ್ಲಿ ಗಣಿತದ ಮೇಷ್ಟ್ರು ಒಂದು ಕಡೆ, ಪೊಲೀಸರಿಗೆ ನೆರವಾಗುವ ಭೌತವಿಜ್ಞಾನಿ ಇನ್ನೊಂದು ಕಡೆ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದ ಗೆಳೆಯರು. ಒಬ್ಬ ಕಟ್ಟಿದ ಗಂಟನ್ನು ಇನ್ನೊಬ್ಬನೇ ಬಿಚ್ಚಬೇಕು, ಬೇರೆ ಯಾರ ಕೈಲೂ ಆಗುವುದಿಲ್ಲ. ಅಲ್ಲೂ ತಪ್ಪು ಮಾಡಿದವರು ಯಾರು ಅಂತ ಮೊದಲೇ ಗೊತ್ತು. ಹತ್ತನೇ ಶತಮಾನದ ಜೈನ ಕಥೆಗಾರನನ್ನು ಜಪಾನಿನವನು ಓದಿರುವ ಮಾತೇ ಇಲ್ಲ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಒಂದೇ ಜಾಗಕ್ಕೆ ಬಂದಿದ್ದಾರೆ. ಕಳ್ಳ ಯಾರು ಅನ್ನುವುದು ಸಣ್ಣ ಗುಟ್ಟು. ಅದನ್ನು ಬಿಟ್ಟುಕೊಟ್ಟರೆ ದೊಡ್ಡ ಗುಟ್ಟಿಗೆ ಜಾಗ ಆಗುತ್ತದೆ.

ಹತ್ತಿರದ ಕಾಲಕ್ಕೆ ಬಂದರೆ ತೇಜಸ್ವಿ ಇದ್ದಾರೆ. 'ಚಿದಂಬರ ರಹಸ್ಯ' 1985ರದು, ನೀವೆಲ್ಲ ಓದಿರುತ್ತೀರಿ. ಕೆಸರೂರಿಗೆ ಗುಪ್ತಚರ ಇಲಾಖೆಯ ಅಧಿಕಾರಿ, ಅಂಗಡಿ ಅನ್ನುವವನು, ಬರುತ್ತಾನೆ, ಏಲಕ್ಕಿ ಇಳುವರಿ ಯಾಕೆ ಬಿತ್ತು ಅಂತ ಹುಡುಕಲು. ಪತ್ತೇದಾರಿ ಕಥೆಯ ಸಾಮಾನು ಎಲ್ಲ ಇದೆ. ಅನುಮಾನದ ಸಾವು ಕೂಡ ಇದೆ. ಆದರೆ ಅವನು ಸುಳಿವು ಹುಡುಕುತ್ತಾ ತಿರುಗುವಾಗ ಊರು ಬೇರೆಯದೇ ಕಾರಣಕ್ಕೆ ಹೊತ್ತಿ ಉರಿಯಲು ತಯಾರಾಗುತ್ತಿರುತ್ತದೆ. ಪತ್ತೇದಾರನಿಗೇ ಅದು ಕಾಣುವುದಿಲ್ಲ. ಇದನ್ನು ಪತ್ತೇದಾರಿ ಕಪಾಟಿನಲ್ಲಿ ಇಟ್ಟರೆ ವಿಮರ್ಶಕರು ಒಪ್ಪುವುದಿಲ್ಲ. ನಾನು ಅಲ್ಲೇ ಇಡುತ್ತೇನೆ.

ಈಗ ದೆವ್ವದ ಕಥೆ. ಇಲ್ಲಿ ನನ್ನ ಬೇಡಿಕೆ ತಿರುಗುಮುರುಗು. ದಯವಿಟ್ಟು ಹೇಳಬೇಡಿ.

ಶರ್ಲಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್', 1959ರದು. ಕೆಟ್ಟ ಹೆಸರಿನ ಒಂದು ಮನೆ, ಅದನ್ನು ಪರೀಕ್ಷೆ ಮಾಡಲು ಬಂದ ನಾಲ್ಕು ಜನ. ಒಂದು ರಾತ್ರಿ ಎಲಿನರ್ ಕತ್ತಲಲ್ಲಿ ಮಲಗಿದ್ದಾಳೆ. ಪಕ್ಕದ ಕೋಣೆಯಿಂದ ಗುನುಗು ದನಿ, ಆಮೇಲೆ ಮಗು ಅಳುವ ಸದ್ದು. ಹೆದರಿಕೆಗೆ ಗೆಳತಿ ಥಿಯೊಡೋರಾಳ ಕೈ ಹಿಡಿದಿದ್ದಾಳೆ. ಆ ಕೈ ಎಷ್ಟು ಬಿಗಿ ಅಂದರೆ ಬೆರಳ ಮೂಳೆ ತಿಳಿಯುತ್ತದೆ. ತಡೆಯಲಾರದೆ ಕೂಗುತ್ತಾಳೆ. ದೀಪ ಹತ್ತುತ್ತದೆ. ಥಿಯೊಡೋರಾ ಆಚೆ ಮಂಚದ ಮೇಲೆ ಈಗತಾನೇ ಎದ್ದು ಕೂತಿದ್ದಾಳೆ. ಹಾಗಾದರೆ ಇಷ್ಟು ಹೊತ್ತು ಹಿಡಿದಿದ್ದು ಯಾರ ಕೈ?

ಉತ್ತರ ಇಲ್ಲ. ಪುಸ್ತಕ ಮುಗಿದರೂ ಇಲ್ಲ. ಇದು ರಕ್ತ ಇಲ್ಲದ, ಹೆಣ ಇಲ್ಲದ ಅರ್ಧ ಪುಟ. ಓದಿ ಬಹಳ ದಿನ ಆದರೂ ರಾತ್ರಿ ಮಂಚದಿಂದ ಆಚೆ ಕೈ ಇಳಿಬಿಡಲು ನನಗೆ ಮನಸ್ಸಾಗುವುದಿಲ್ಲ. ನಗಬೇಡಿ, ಮನೆಗೆ ಹೋಗಿ ನೀವೂ ಓದಿ ಆಮೇಲೆ ಮಾತಾಡೋಣ.

ಇದರ ಪಕ್ಕದಲ್ಲೇ ಸಿಲ್ವಿಯಾ ಮೊರೆನೊ ಗಾರ್ಸಿಯಾ ಅವರ 'ಮೆಕ್ಸಿಕನ್ ಗಾಥಿಕ್' ಓದಿದೆ. 2020ರಲ್ಲಿ ಬಂದದ್ದು, ಬಹಳ ಹೆಸರಾಯಿತು. ಕಥೆ 1950ರ ದಶಕದ ಮೆಕ್ಸಿಕೊದ್ದು. ಮದುವೆಯಾಗಿ ಹೋದ ಸೋದರ ಸಂಬಂಧಿಯಿಂದ ವಿಚಿತ್ರ ಕಾಗದ ಬಂತು ಅಂತ ಒಬ್ಬ ಶ್ರೀಮಂತರ ಹುಡುಗಿ ಬೆಟ್ಟದ ಮೇಲಿನ ಮನೆಗೆ ಹೋಗುತ್ತಾಳೆ. ಮೊದಲ ಅರ್ಧ ಚೆನ್ನಾಗಿದೆ. ಗೋಡೆಗೆ ಅಂಟಿಸಿದ ಕಾಗದದ ಚಿತ್ತಾರ ಅಲುಗಿದ ಹಾಗೆ ಕಾಣುವುದು, ಊಟದ ಮೇಜಿನ ಮೇಲೆ ಯಾರೂ ಮಾತಾಡಬಾರದು ಅನ್ನುವ ನಿಯಮ. ಆಮೇಲೆ ಲೇಖಕಿ ಕಾರಣ ಹೇಳಲು ಕೂರುತ್ತಾರೆ. ಯಾಕೆ ಹೀಗಾಯಿತು, ಯಾವಾಗಿನಿಂದ, ಯಾವ ಪ್ರಕ್ರಿಯೆಯಿಂದ. ಕಾರಣ ಬುದ್ಧಿವಂತಿಕೆಯದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅರ್ಥವಾದ ಕ್ಷಣಕ್ಕೆ ನನ್ನ ಹೆದರಿಕೆ ಇಳಿದುಹೋಯಿತು. ಅಲ್ಲಿಂದ ಮುಂದೆ ಅದು ತಪ್ಪಿಸಿಕೊಂಡು ಓಡುವ ಕಥೆ. ಅದೂ ಬೇಕು, ಆದರೆ ನಾನು ದುಡ್ಡು ಕೊಟ್ಟದ್ದು ಅದಕ್ಕಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ದೆವ್ವದ ಕಥೆ ಹೇಳುವವರಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಕೇಳಿ ನೋಡಿ. ಸಂತೆ ಮುಗಿಸಿಕೊಂಡು ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ. ಅಮಾವಾಸ್ಯೆ. ಹಳ್ಳ ದಾಟಿ ಹುಣಸೆ ಮರದ ಹತ್ತಿರ ಬಂದ ಕೂಡಲೆ ಚಕ್ಕಡಿ ಹಿಂದೆ ಭಾರ ಆಯಿತು. ಎತ್ತು ಹೆಜ್ಜೆ ಕಿತ್ತಿಡಲಿಲ್ಲ. ಅವನು ತಿರುಗಿ ನೋಡಲಿಲ್ಲ. ಊರ ಅಗಸೆ ಬಂದ ಮೇಲೆ ಹಗುರ ಆಯಿತು. ಮುಗಿಯಿತು ಕಥೆ. ಯಾವ ಹಳ್ಳ, ಯಾರ ಹೊಲದ ಬದುವಿನ ಮರ, ಎಡಗಡೆ ಎತ್ತಿನ ಬಣ್ಣ ಯಾವುದು, ಎಲ್ಲ ಹೇಳುತ್ತಾರೆ. ಹಿಂದೆ ಕೂತದ್ದು ಏನು ಅಂತ ಮಾತ್ರ ಹೇಳುವುದಿಲ್ಲ. ಕೇಳಿದರೆ, ನೋಡಿದ್ರ ಅವ ಹೇಳಾಕ ಇರತಿದ್ನೇನು ಅನ್ನುತ್ತಾರೆ. ವಿಳಾಸ ಪೂರ್ತಿ, ಕಾರಣ ಶೂನ್ಯ. ಬ್ರಾಮ್ ಸ್ಟೋಕರ್ 1897ರಲ್ಲಿ 'ಡ್ರಾಕುಲಾ' ಬರೆದಾಗ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ದಿನಚರಿ, ಪತ್ರ, ತಂತಿ ಸಂದೇಶ, ತಾರೀಖು ಸಮೇತ. ಟ್ರಾನ್ಸಿಲ್ವೇನಿಯಾವನ್ನು ಆತ ಕಣ್ಣಾರೆ ನೋಡಿರಲೇ ಇಲ್ಲ. ಆದರೂ ಎಲ್ಲಿ ಏನು ಉಂಡ, ಗಾಡಿ ಎಷ್ಟು ತಡ ಆಯಿತು ಅನ್ನುವುದನ್ನು ಬಿಡುವುದಿಲ್ಲ. ಕೌಂಟ್ ಮಾತ್ರ ಪುಸ್ತಕದ ದೊಡ್ಡ ಭಾಗದಲ್ಲಿ ಕಾಣುವುದೇ ಇಲ್ಲ.

ಕನ್ನಡದಲ್ಲಿ ಹೆದರಿಸಿದ ಕಾದಂಬರಿ ಅಂದರೆ ನನ್ನ ವಯಸ್ಸಿನವರು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಹೇಳುತ್ತಾರೆ. ತೆಲುಗಿನಿಂದ ಬಂದದ್ದು. ಮೊನ್ನೆ ಮತ್ತೆ ಓದಿದೆ. ಒಂದು ಕಡೆ ಮಾಟ ಮಂತ್ರ, ಇನ್ನೊಂದು ಕಡೆ ವೈದ್ಯ ವಿಜ್ಞಾನ, ಎರಡನ್ನೂ ಪಕ್ಕಪಕ್ಕದಲ್ಲೇ ಓಡಿಸುತ್ತಾರೆ. ಹುಡುಗನಾಗಿದ್ದಾಗ ಮಾಟದ ಪುಟಗಳಿಗೆ ಹೆದರಿದ್ದೆ. ಈಗ ಅವು ಸ್ವಲ್ಪ ಅತಿ ಅನ್ನಿಸಿದವು. ಈಗ ಹೆದರಿಸಿದ್ದು ಮಗು ಮಲಗಿರುವಾಗ ಏನೂ ಮಾಡಲಾಗದೆ ಕೂತ ತಂದೆ ತಾಯಿ.

ಮತ್ತೆ 'ವಡ್ಡಾರಾಧನೆ'ಗೆ ಬರುತ್ತೇನೆ, ಕ್ಷಮಿಸಿ, ಬಿಡಲು ಆಗುತ್ತಿಲ್ಲ. ಅದರ ಮೊದಲ ಕಥೆ ಸುಕುಮಾರಸ್ವಾಮಿಯದು. ಎಂಥ ಸುಖವಂತ ಅಂದರೆ ದೀಪದ ಬೆಳಕಿಗೆ ಅವನ ಕಣ್ಣಲ್ಲಿ ನೀರು ಬರುತ್ತದೆ, ಆಸನದ ಮೇಲೆ ಬಿದ್ದ ಸಾಸಿವೆ ಕಾಳು ಒತ್ತುತ್ತದೆ. ಅವನು ಎಲ್ಲ ಬಿಟ್ಟು ಕಾಡಿನಲ್ಲಿ ತಪಸ್ಸಿಗೆ ನಿಂತಾಗ ಒಂದು ನರಿ ಮರಿಗಳ ಜೊತೆ ಬಂದು ಅವನನ್ನು ತಿನ್ನುತ್ತದೆ. ಕಾಲಿನಿಂದ ಶುರು ಮಾಡಿ, ಮೂರು ರಾತ್ರಿ. ಅವನು ಅಲುಗುವುದಿಲ್ಲ. ಕಥೆ ಹೇಳಿದವರ ಉದ್ದೇಶ ವೈರಾಗ್ಯ, ಗೊತ್ತು. ನನಗೆ ಮಾತ್ರ ಆ ಸಾಸಿವೆ ಕಾಳು ಮರೆಯುತ್ತಿಲ್ಲ. ನರಿ ಬರುವುದಕ್ಕೆ ಎಷ್ಟೋ ಮೊದಲು ಅದನ್ನು ಅಲ್ಲಿ ಇಟ್ಟಿದ್ದಾನಲ್ಲ, ಆ ಕಥೆಗಾರ ಸಾಮಾನ್ಯ ಆಸಾಮಿ ಅಲ್ಲ.

ಫ್ಯಾಂಟಸಿ ಬಗ್ಗೆ ಕಡಿಮೆ ಮಾತಾಡುತ್ತೇನೆ, ಕಡಿಮೆ ಓದಿದ್ದೇನೆ. ದಪ್ಪ ಪುಸ್ತಕ ತೆರೆದ ತಕ್ಷಣ ನಕಾಶೆ, ಆಮೇಲೆ ರಾಜವಂಶದ ಪಟ್ಟಿ, ಆಮೇಲೆ ಇಪ್ಪತ್ತು ಪುಟ ಆ ದೇಶದ ಇತಿಹಾಸ. ಟೋಲ್ಕಿನ್ ಮಾಡಿದರಲ್ಲ ಅನ್ನುತ್ತಾರೆ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಭಾಷೆಗಳ ಮೇಷ್ಟ್ರು. ಮೊದಲು ಭಾಷೆ ಕಟ್ಟಿಕೊಂಡರು, ಆ ಭಾಷೆ ಆಡುವವರಿಗೆ ಊರು ಬೇಕು ಅಂತ ಲೋಕ ಕಟ್ಟಿದರು. ನಕಲು ಮಾಡಿದವರ ಹತ್ತಿರ ನಕಾಶೆ ಮಾತ್ರ ಇದೆ.

ನನಗೆ ಹಿಡಿಸಿದ್ದು ತೆಳ್ಳಗಿನ ಪುಸ್ತಕ, ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ'. 2020ರದು, ಮರುವರ್ಷ ವಿಮೆನ್ಸ್ ಪ್ರೈಜ್ ಬಂತು. ಕೊನೆಯೇ ಇಲ್ಲದ ಒಂದು ಮನೆ. ಅಂಕಣದ ಮೇಲೆ ಅಂಕಣ, ತುಂಬ ಕಲ್ಲಿನ ಮೂರ್ತಿಗಳು. ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನ ಅಂತಸ್ತಿನಲ್ಲಿ ಮೋಡ. ಅಲ್ಲಿ ಒಬ್ಬ ಮನುಷ್ಯ. ಮೀನು ಹಿಡಿಯುತ್ತಾನೆ, ಉಬ್ಬರ ಇಳಿತದ ಲೆಕ್ಕ ಇಡುತ್ತಾನೆ. ಅಲ್ಲಿರುವ ಅಸ್ಥಿಪಂಜರಗಳಿಗೆ ನೀರು, ಹೂವು ಇಟ್ಟು ಮಾತಾಡಿಸುತ್ತಾನೆ. ಜಗತ್ತಿನಲ್ಲಿ ಇದುವರೆಗೆ ಬದುಕಿದವರು ಹದಿನೈದೇ ಜನ ಅಂತ ಅವನ ಲೆಕ್ಕ. ವರ್ಷಕ್ಕೆ ಅವನು ಅಂಕಿ ಹಾಕುವುದಿಲ್ಲ, ನೈಋತ್ಯದ ಅಂಕಣಗಳಿಗೆ ಆಲ್ಬಟ್ರಾಸ್ ಹಕ್ಕಿ ಬಂದ ವರ್ಷ ಅಂತ ಹೆಸರಿಡುತ್ತಾನೆ. ಒಂದು ದಿನ ತನ್ನದೇ ಹಳೆಯ ದಿನಚರಿ ತೆಗೆದರೆ ಅದರಲ್ಲಿ ತನ್ನದೇ ಕೈಬರಹ, ಆದರೆ ತನಗೆ ನೆನಪಿಲ್ಲದ ಮಾತು. ತನ್ನನ್ನು ತಾನೇ ಪತ್ತೆ ಮಾಡಬೇಕು. ಆಗಲೇ ನೆನಪಿನ ಶಕ್ತಿ ಹೋದವರ ಮೇಲೆ ಹರಿಹಾಯ್ದೆ ಅಲ್ವಾ? ಇಲ್ಲಿ ಒಪ್ಪಿದೆ. ಮರೆವಿಗೆ ಆ ಮನೆಯೇ ಕಾರಣ, ಅದನ್ನು ನಾವು ಮೊದಲಿನಿಂದಲೂ ನೋಡುತ್ತಾ ಬಂದಿರುತ್ತೇವೆ. ಮನೆ ಯಾಕಿದೆ, ಯಾರು ಕಟ್ಟಿದರು ಅನ್ನುವುದನ್ನು ಲೇಖಕಿ ಅದರ ಪಾಡಿಗೆ ಬಿಟ್ಟಿದ್ದಾರೆ.

ಇಂಥದ್ದು ನಮಗೆ ಹೊಸದೇನಲ್ಲ. ಇಲ್ಲಿಂದ ಅಷ್ಟೇನೂ ದೂರ ಇಲ್ಲದ ಶಿಶುವಿನಹಾಳದಲ್ಲಿ ಶರೀಫರು ಕೋಡಗನ ಕೋಳಿ ನುಂಗಿತ್ತಾ ಅಂತ ಹಾಡಿದರು. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಒಳಗಿನ ಅರ್ಥ ಬಿಡಿಸಿ ಹೇಳುವ ಪಂಡಿತರು ಇದ್ದಾರೆ, ಅವರ ಮಾತು ಸರಿಯೂ ಇರಬಹುದು. ಆದರೆ ಚಿಕ್ಕವರಿದ್ದಾಗ ಯಾರೂ ಅರ್ಥ ಕೇಳದೆ ಬಾಯಿಬಿಟ್ಟುಕೊಂಡು ಕೇಳಿದೆವಲ್ಲ, ಫ್ಯಾಂಟಸಿ ಓದುವಾಗ ನನಗೆ ಆ ಸ್ಥಿತಿ ಬೇಕು.

ಕೊನೆಗೆ ಎರಡು ಪ್ರಶ್ನೆ ಬಂದವು, ಅವನ್ನೂ ಬರೆದುಬಿಡುತ್ತೇನೆ.

ಹಿರಿಯರೊಬ್ಬರು, ಇವೆಲ್ಲ ಟೈಂಪಾಸ್ ಪುಸ್ತಕ ಅಲ್ಲವೇನ್ರೀ, ಬೇಂದ್ರೆಯವರ ಊರಿನಲ್ಲಿ ಕೂತು ಇದನ್ನೇ ಮಾತಾಡಬೇಕಾ ಅಂದರು. ಟೈಂಪಾಸ್ ಹೌದು. ಅದರಲ್ಲಿ ತಪ್ಪೇನು? ಹಾವೇರಿಯ ಗಳಗನಾಥರು ಕಾದಂಬರಿ ಬರೆದು, ತಾವೇ ಊರೂರು ತಿರುಗಿ ಮಾರಿದವರು. ಮುಂದೇನಾಯಿತು ಅನ್ನುವ ಕುತೂಹಲ ಹುಟ್ಟಿಸಿ ಕನ್ನಡಕ್ಕೆ ಓದುಗರನ್ನು ತಂದರು. 1933ರಲ್ಲಿ ಇದೇ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾದಾಗ ಅದಕ್ಕೆ ಸಿಕ್ಕ ಓದುಗರಲ್ಲಿ ಗಳಗನಾಥರನ್ನು ಓದಿ ಬೆಳೆದವರು ಎಷ್ಟು ಜನ ಇದ್ದರೋ. ಆಮೇಲೆ ಎನ್. ನರಸಿಂಹಯ್ಯ. ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಇಯತ್ತೆವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವುಗಳಲ್ಲಿ ಸುಳಿವುಗಳ ಲೆಕ್ಕ ಯಾವಾಗಲೂ ಸರಿಹೋಗುವುದಿಲ್ಲ, ಅವರ ಪತ್ತೇದಾರ ಪುರುಷೋತ್ತಮನಿಗೆ ಅದೃಷ್ಟ ಸ್ವಲ್ಪ ಜಾಸ್ತಿಯೇ. ಆದರೆ ವಾಕ್ಯ ನೋಡಿ, ಒಂದು ಕಡೆಯೂ ನಿಲ್ಲದೆ ಓಡುತ್ತದೆ. ಹೀಗೆ ಓಡುವ ಕನ್ನಡ ಬರೆಯುವುದು ಸುಲಭ ಅಂದುಕೊಂಡವರು ಒಂದು ಪುಟ ಬರೆದು ನೋಡಲಿ.

ಇನ್ನೊಬ್ಬರು, ಮಗಳು ಒಂಬತ್ತನೇ ತರಗತಿ, ಮೊಬೈಲ್ ಬಿಟ್ಟು ಏಳುವುದಿಲ್ಲ, ಯಾವುದು ಕೊಡಲಿ ಅಂತ ಕೇಳಿದರು. ಹಿಲ್ ಹೌಸ್ ಈಗಲೇ ಬೇಡ. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' ಕೊಡಿ, 1968ರದು. ಜಂಬದ ಹುಡುಗನೊಬ್ಬ ತನ್ನ ಮಂತ್ರಶಕ್ತಿ ತೋರಿಸಲು ಹೋಗಿ ಒಂದು ನೆರಳನ್ನು ಬಿಡಿಸಿಬಿಡುತ್ತಾನೆ. ಅದಕ್ಕೆ ಅವನ ಮುಖದ ಮೇಲೆ ಗಾಯ ಉಳಿಯುತ್ತದೆ, ಅವನನ್ನು ಉಳಿಸಲು ಗುರುಗಳೊಬ್ಬರ ಪ್ರಾಣ ಹೋಗುತ್ತದೆ. ಇನ್ನೂರು ಪುಟದ ಆಚೀಚೆ, ಅಷ್ಟೇ. ಇಂಗ್ಲಿಷ್ ಬೇಡ ಅಂದರೆ ವಿದ್ಯುಚ್ಚೋರನ ಕಥೆಯನ್ನು ನೀವೇ ಬಾಯಲ್ಲಿ ಹೇಳಿ. ಏಳನೇ ದಿನದವರೆಗೆ ಹೇಳಿ ನಿಲ್ಲಿಸಿ, ಉಳಿದದ್ದು ನಾಳೆ ಅನ್ನಿ.